ಬಾಹ್ಯಾಕಾಶದ ಓಟಕ್ಕೆ ‘ಶರ್ಯತ್ತು’ ಅಂದರೆ ನಡೆಯುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ನಾವು ಕೆಲವು ಗೆಳೆಯರು ಸೇರಿ ಒಂದು ವಿಡಿಯೊ ಗೇಮ್ ಮಾಡುತ್ತಿದ್ದೇವೆ. ಅದರ ಮೆನುವನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನದು. ನೆಲಕ್ಕೆ ತಾಗದೆ ತೇಲುವ ಗಾಡಿಗಳು, ಗ್ರಹಗಳ ನಡುವೆ ಕಟ್ಟಿದ ಹಾದಿ, ಅದರ ಮೇಲೆ ರೇಸ್. 1990ರ ಎಫ್-ಝೀರೋ, 1995ರ ವೈಪ್‌ಔಟ್ ಆಡಿದವರಿಗೆ ಇದು ಯಾವ ಜಾತಿಯ ಆಟ ಅಂತ ಗೊತ್ತಾಗುತ್ತದೆ.

ಮೆನುವಿನಲ್ಲಿ ಈ ರೇಸ್‌ಗೆ ಯಾವ ಪದ ಇಡಲಿ? ‘ಸ್ಪರ್ಧೆ’ ಅಂದರೆ ರಂಗೋಲಿ, ಪ್ರಬಂಧ ನೆನಪಾಗುತ್ತವೆ. ‘ರೇಸ್’ ಅಂತಲೇ ಬಿಡಬಹುದು, ಆದರೆ ನನಗೆ ನಮ್ಮ ಕಡೆಯ ‘ಶರ್ಯತ್ತು’ ಹಿಡಿಸಿದೆ. ಚಕ್ಕಡಿ ಶರ್ಯತ್ತು, ಅಂದರೆ ಎತ್ತಿನ ಗಾಡಿ ಓಟ, ಅಂದರೆ ಧಾರವಾಡ, ಹಾವೇರಿ ಹಳ್ಳಿಗಳಲ್ಲಿ ಯಾರೂ ಅರ್ಥ ಕೇಳುವುದಿಲ್ಲ. ಮರಾಠಿಯ ‘ಶರ್ಯತ್’ ಕೂಡ ಓಟದ ಪಂದ್ಯವೇ. ಮೂಲ ಅರಬ್ಬಿಯ ‘ಶರ್ತ್’. ಕರಾರುಪತ್ರದ ‘ಷರತ್ತು’ ಬಂದದ್ದೂ ಅಲ್ಲಿಂದಲೇ. ತೊಡಕು ಇರುವುದೂ ಅಲ್ಲೇ. ಮೈಸೂರು ಕಡೆಯ ಗೆಳೆಯನಿಗೆ ‘ಶರ್ಯತ್ತು ಶುರು’ ಅನ್ನುವ ಬಟನ್ ತೋರಿಸಿದೆ. ‘ಇದನ್ನ ಒತ್ತಿದರೆ ನಿಯಮಗಳ ಪುಟ ಬರುತ್ತಾ?’ ಅಂದ!

ಇನ್ನೊಂದು ಅನುಮಾನ. ನಮ್ಮ ಖಾಲಿ ಗಾಡಾ ಓಟದಲ್ಲಿ ಎಷ್ಟೋ ಕಡೆ ಒಂದೊಂದೇ ಜೋಡಿ ಎತ್ತು ಓಡುತ್ತವೆ. ಒಂದು ನಿಮಿಷದಲ್ಲಿ ಹೆಚ್ಚು ದೂರ ಹೋದವರು ಗೆದ್ದಂತೆ. ಗೇಮಿನಲ್ಲಿ ಎಲ್ಲರೂ ಒಟ್ಟಿಗೇ ಸುತ್ತು ಹಾಕುತ್ತಾರೆ, ಗೋಡೆಗೆ ಗುದ್ದುತ್ತಾರೆ, ಒಬ್ಬರನ್ನೊಬ್ಬರು ದೂಡುತ್ತಾರೆ. ಹಾಗಾದರೆ ಒಂಟಿಯಾಗಿ ಓಡುವ ‘ಟೈಮ್ ಟ್ರಯಲ್’ಗೆ ಮಾತ್ರ ಶರ್ಯತ್ತು ಅನ್ನಬೇಕೇ? ಅಲ್ಲೂ ಲೆಕ್ಕ ತಿರುವುಮುರುವು. ದೂರ ಗೊತ್ತಿರುತ್ತದೆ, ಅಳೆಯುವುದು ಸಮಯವನ್ನು.

ಬೂಸ್ಟ್‌ಗೆ, ಅಂದರೆ ಗಾಡಿ ಸ್ವಲ್ಪ ಹೊತ್ತು ಜೋರಾಗಿ ನುಗ್ಗುವುದಕ್ಕೆ, ‘ದೌಡು’ ಅಂತ ಇಟ್ಟಾಗಿದೆ. ಬೇಗ ಬಾ ಅನ್ನುವುದಕ್ಕೆ ‘ದೌಡ ಬಾ’ ಅನ್ನುವ ಊರಿನವರಿಗೆ ಬೇರೆ ಪದ ಯಾಕೆ? ಒಂದು ಸುತ್ತು ಮುಗಿಸಿದರೆ ಒಂದು ದೌಡು, ಮೊದಲ ಎಫ್-ಝೀರೋದಲ್ಲಿದ್ದ ಹಾಗೆ.

ರೆಟ್ರೋ ಫ್ಯೂಚರ್‌ಗೆ ಮಾತ್ರ ಏನೂ ಹೊಳೆಯುತ್ತಿಲ್ಲ. 1950ರ ದಶಕದವರು ಕನಸು ಕಂಡ ಮುಂದಿನ ಕಾಲ ಅದು: ರೆಕ್ಕೆ ಬಾಲದ ರಾಕೆಟ್, ಗಾಜಿನ ಗುಮ್ಮಟದೊಳಗೆ ಡ್ರೈವರ್. ಒಬ್ಬರು ‘ಗತಭವಿಷ್ಯ’ ಅಂದರು. ಅದು ವಾರಪತ್ರಿಕೆಯ ರಾಶಿಫಲದ ಹಾಗೆ ಕೇಳುತ್ತದೆ, ಬೇಡ. ಸದ್ಯಕ್ಕೆ ಸುಮ್ನೆ ‘ಹಳೇ ನಾಳೆ’ ಅಂತ ಬರೆದಿದ್ದೇನೆ.

ಬೆಳಗಾವಿ, ವಿಜಯಪುರದ ಕಡೆಯವರು ಹೇಳಿ: ಗಾಡಿಗಳನ್ನು ಒಟ್ಟಿಗೇ ಬಿಟ್ಟು ಓಡಿಸಿದರೂ ನಿಮ್ಮಲ್ಲಿ ಶರ್ಯತ್ತು ಅಂತಲೇ ಅನ್ನುತ್ತಾರಾ? ದಕ್ಷಿಣದವರಿಗೆ ಈ ಪದ ಕಿವಿಗೆ ಬಿದ್ದಿದೆಯಾ?