‘ಬದಲಿ ಚಿಕಿತ್ಸೆ’ ಅಂದರೆ ಓದುವವರಿಗೆ ಏನು ಅರ್ಥವಾಗುತ್ತದೆ?

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ಒಂದು ಪದಕ್ಕಾಗಿ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ನಿಮ್ಮ ಸಹಾಯ ಬೇಕು.

ಮುಂಬೈಯ ಒಂದು ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಆಗಾಗ ಕನ್ನಡ ಕರಪತ್ರ ಬರೆದುಕೊಡುತ್ತೇನೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಬರುತ್ತಾರೆ. ಈ ಸಲದ ವಿಷಯ ಬೆಳವಣಿಗೆ ಹಾರ್ಮೋನಿನ ಕೊರತೆ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಈ ಹಾರ್ಮೋನನ್ನು ಸಾಕಷ್ಟು ಕೊಡದಿದ್ದರೆ ಮಗು ತೀರಾ ನಿಧಾನವಾಗಿ ಬೆಳೆಯುತ್ತದೆ. ನಾಲ್ಕೈದು ವರ್ಷ ದಾಟಿದ ಮಕ್ಕಳು ಸಾಮಾನ್ಯವಾಗಿ ವರ್ಷಕ್ಕೆ 5–6 ಸೆಂಟಿಮೀಟರ್ ಬೆಳೆಯುತ್ತಾರೆ. ಈ ಮಕ್ಕಳಿಗೆ ಎರಡು ವರ್ಷ ಕಳೆದರೂ ಅದೇ ಶಾಲೆಯ ಬೂಟು ಸಾಕಾಗುತ್ತದೆ. ಪರೀಕ್ಷೆ ಮಾಡಿ ಕೊರತೆ ಖಚಿತವಾದರೆ ಆ ಹಾರ್ಮೋನನ್ನು ಇಂಜೆಕ್ಷನ್ ಮೂಲಕ ಕೊಡುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ರಿಪ್ಲೇಸ್‌ಮೆಂಟ್ ಥೆರಪಿ ಅನ್ನುತ್ತಾರೆ. ನಾನು ‘ಬದಲಿ ಚಿಕಿತ್ಸೆ’ ಅಂತ ಬರೆದೆ.

ಕರಡು ಪ್ರತಿಯನ್ನು ಒಬ್ಬ ತಂದೆಗೆ ಓದಲು ಕೊಟ್ಟೆ. ಒಂಬತ್ತು ವರ್ಷದ ಮಗ ಪಕ್ಕದಲ್ಲೇ ಕೂತಿದ್ದ. ಮೂಳೆಯ ವಯಸ್ಸು, ಅಂದರೆ ಮೂಳೆ ಎಷ್ಟು ಬಲಿತಿದೆ ಅಂತ ತಿಳಿಯಲು ತೆಗೆದ ಎಡಗೈ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತನ್ನ ಬೆರಳನ್ನೇ ನೋಡುತ್ತಿದ್ದ. ತಂದೆ ಬೆರಳಿಟ್ಟು ಓದುತ್ತಾ ಬಂದು ಆ ಪದದ ಮೇಲೆ ನಿಂತರು. “ಬದಲಿ ಅಂದ್ರ ಏನ್ರೀ ಅಕ್ಕಾ? ಖರೇ ಔಷಧ ಸಿಗಂಗಿಲ್ಲೇನು?” ಅಂದರು. ಒಂದು ಚಿಕಿತ್ಸೆ ಬಿಟ್ಟು ಅದರ ಬದಲಿಗೆ ಇನ್ನೊಂದು ಕೊಡುತ್ತಾರೆ ಅಂತ ಅವರು ತಿಳಿದಿದ್ದರು. ನಾನು ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದರು: “ಹಂಗಾರ ಯಾರದು ತಗದು ಇವಗ ಹಾಕ್ತಾರ?”

ಈ ಎರಡನೇ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಯಾಕೆಂದರೆ ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. 1985ರವರೆಗೆ ಈ ಹಾರ್ಮೋನನ್ನು ಸತ್ತವರ ಪಿಟ್ಯುಟರಿ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. ಅದನ್ನು ತೆಗೆದುಕೊಂಡ ಕೆಲವರಿಗೆ ವರ್ಷಗಳ ಮೇಲೆ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಮಿದುಳಿನ ಕಾಯಿಲೆ ಬಂದು, ಅಮೆರಿಕ, ಬ್ರಿಟನ್‌ಗಳಲ್ಲಿ ಅದನ್ನು ನಿಲ್ಲಿಸಿದರು. ಅದೇ ವರ್ಷ ಅಮೆರಿಕದಲ್ಲಿ ಪ್ರಯೋಗಾಲಯದಲ್ಲಿ ಮಾಡಿದ ಹಾರ್ಮೋನಿಗೆ ಒಪ್ಪಿಗೆ ಸಿಕ್ಕಿತು. ಈಗ ಕೊಡುವುದೆಲ್ಲ ಹಾಗೆ ತಯಾರಿಸಿದ್ದೇ. ಯಾರ ದೇಹದಿಂದಲೂ ತೆಗೆದದ್ದಲ್ಲ. ‘ಬದಲಿ’ ಎಂಬ ಪದ ಒಬ್ಬ ತಂದೆಗೆ ಅಂಥ ಭಯ ತರುವುದಾದರೆ ಅದನ್ನು ಇಟ್ಟುಕೊಳ್ಳಲು ನನಗೆ ಮನಸ್ಸಿಲ್ಲ.

ಹಾಗಂತ ಪದ ಪೂರಾ ತಪ್ಪು ಅಂತಲೂ ಹೇಳಲಾರೆ. ನಮ್ಮ ಮಾವ ಪರೇಲಿನ ಗಿರಣಿಯಲ್ಲಿ ಹಲವು ವರ್ಷ ‘ಬದಲಿ’ ಆಗಿದ್ದರು. ಮುಂಬೈಯ ಹಳಬರಿಗೆ ಈ ಮಾತು ಗೊತ್ತು. ಬೆಳಿಗ್ಗೆ ಗೇಟಿನ ಹತ್ತಿರ ಹೋಗಿ ನಿಲ್ಲುವುದು, ಕಾಯಂ ಕೆಲಸಗಾರ ಬರದಿದ್ದರೆ ಅವನ ಮಗ್ಗದ ಮೇಲೆ ನಿಂತು ಅವನು ಮಾಡುವ ಕೆಲಸವನ್ನೇ ಮಾಡುವುದು. ಗ್ರಂಥಿ ಕೆಲಸಕ್ಕೆ ಬಾರದ ದಿನ ಇಂಜೆಕ್ಷನ್ ಬಂದು ಅದೇ ಕೆಲಸ ಮಾಡುತ್ತದೆ. ಆ ಅರ್ಥದಲ್ಲಿ ಇಷ್ಟು ಚೆನ್ನಾಗಿ ಕೂರುವ ಪದ ಬೇರೆ ಇಲ್ಲ. ಕಾಯಂನವನು ವಾಪಸ್ ಬಂದರೆ ಬದಲಿ ಮನೆಗೆ ಹೋಗಬೇಕು. ಇಲ್ಲೂ ಹಾಗಾಗುವುದುಂಟು. ಕೆಲವು ಮಕ್ಕಳಲ್ಲಿ ಬೆಳವಣಿಗೆ ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿದರೆ ಗ್ರಂಥಿ ಸಾಕಷ್ಟು ಹಾರ್ಮೋನ್ ಕೊಡುತ್ತಿರುತ್ತದೆ. ಆದರೆ ಗಡ್ಡೆಯಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಗ್ರಂಥಿಯೇ ಹಾಳಾದವರಿಗೆ ಕೊರತೆ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಅಲ್ಲದೆ ಗಿರಣಿಯ ಈ ‘ಬದಲಿ’ ಯಾದಗಿರಿಯಿಂದ ಬಂದವರಿಗೆ ಎಲ್ಲಿ ಗೊತ್ತಿರಬೇಕು?

ಬೇರೆ ಪದಗಳನ್ನೂ ಹುಡುಕಿದೆ. ‘ಪೂರಣ ಚಿಕಿತ್ಸೆ’ ಅಂದರೆ ಇಲ್ಲಿಯವರಿಗೆ ಹೋಳಿಗೆ ನೆನಪಾಗುತ್ತದೆ. ‘ಭರ್ತಿ’ ಅಂದರೆ ಆಸ್ಪತ್ರೆಗೆ ಸೇರಿಸುವುದು ಅಂತ ತಿಳಿಯುತ್ತಾರೆ. ‘ಮರುಪೂರಣ’ ಅಂತರ್ಜಲದ ಜೊತೆ ಬಳಕೆಯಲ್ಲಿದೆ. ಆದರೆ ಒಮ್ಮೆ ತುಂಬಿಸಿದರೆ ಮುಗಿಯಿತು ಅನ್ನುವ ಭಾವ ಬರುತ್ತದೆ. ಈ ಇಂಜೆಕ್ಷನ್ನು ಹಾಗಲ್ಲ. ಸಾಮಾನ್ಯವಾಗಿ ದಿನಾ ರಾತ್ರಿ ಮಲಗುವ ಮುಂಚೆ, ಚರ್ಮದ ಕೆಳಗೆ, ಇವತ್ತು ಒಂದು ತೊಡೆಗೆ, ನಾಳೆ ಇನ್ನೊಂದಕ್ಕೆ, ಹೀಗೆ ವರ್ಷಗಟ್ಟಲೆ. ಔಷಧದ ಪೆನ್ನನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಿ ಮಂಜಾಗಲು ಬಿಡಬಾರದು. ಜನರ ಬಾಯಲ್ಲಿ ಇದು ‘ಉದ್ದ ಆಗೋ ಸೂಜಿ’. ಸುಲಭದ ಮಾತು, ನಿಜ. ಆದರೆ ಅದನ್ನು ಕೇಳಿ, ಕೊರತೆಯೇ ಇಲ್ಲದ ಮಕ್ಕಳಿಗೂ ಬೇಕು ಅಂತ ಬರುತ್ತಾರೆ. ಅದನ್ನು ಬರೆಯಲಾರೆ.

ಕೊನೆಗೆ ಆ ತಂದೆಯೇ ಒಂದು ಮಾತು ಹೇಳಿದರು. “ಅಂದ್ರ ಮೈಯಾಗ ಕಮ್ಮಿ ಬಿದ್ದದ್ದು ದಿನಾ ಹಾಕೂದು, ಹೌದಲ್ರಿ?” ನನಗೆ ಇದೇ ಸರಿ ಅನ್ನಿಸುತ್ತಿದೆ. ಇದನ್ನು ಹಿಡಿದು ‘ಕೊರತೆ ತುಂಬುವ ಚಿಕಿತ್ಸೆ’ ಅಂತ ಬರೆಯಬಹುದಾ? ಮೂರು ಪದ ಆಯಿತು. ಆದರೂ ಹೆದರಿಸುವುದಿಲ್ಲ.

ಇನ್ನೊಂದು. ಎತ್ತರ ಕಡಿಮೆ ಇರುವುದಕ್ಕೆ ‘ಕುಬ್ಜತೆ’ ಅಂತ ಹಳೆಯ ಕರಪತ್ರದಲ್ಲಿ ಇತ್ತು. ಸಂಸ್ಕೃತದಲ್ಲಿ ಕುಬ್ಜ ಅಂದರೆ ಗೂನು ಬೆನ್ನಿನವರು. ಭಾಗವತದ ಕುಬ್ಜೆಯ ಕಥೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಮಗುವೇ ಓದುವ ಕಾಗದ ಅದು. ತೆಗೆದುಹಾಕಿ ‘ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದು’ ಅಂತ ಬರೆದಿದ್ದೇನೆ.

ಇನ್ನು ದೊಡ್ಡವರ ಕರಪತ್ರ. ಅವರಿಗೆ ಈ ಕೊರತೆಯಾದರೆ ಸುಸ್ತು, ಹೊಟ್ಟೆಯ ಸುತ್ತ ಕೊಬ್ಬು, ಮಾಂಸಖಂಡದ ಬಲ ಕಡಿಮೆಯಾಗುವುದು, ಮೂಳೆ ತೆಳುವಾಗುವುದು ಇಂಥ ತೊಂದರೆ. ಇಂಜೆಕ್ಷನ್ ಕೊಟ್ಟರೂ ಎತ್ತರ ಹೆಚ್ಚುವುದಿಲ್ಲ. ಮೂಳೆಯ ತುದಿಯ ಬೆಳೆಯುವ ಭಾಗ ಆಗಲೇ ಮುಚ್ಚಿರುತ್ತದೆ. ನಲವತ್ತಾರು ವರ್ಷದವರ ಕೈಗೆ ‘ಬೆಳವಣಿಗೆ ಹಾರ್ಮೋನ್’ ಅಂತ ಬರೆದ ಕಾಗದ ಕೊಟ್ಟರೆ “ನಾನಿನ್ನು ಬೆಳೀಬೇಕಾ?” ಅಂತ ಕೇಳುತ್ತಾರೆ. ಮರಾಠಿಯ ‘ಸಂಪ್ರೇರಕ’, ಕನ್ನಡದ ‘ರಸದೂತ’ ಎರಡೂ ಹಾರ್ಮೋನಿಗೆ ಪದ ಕೊಡುತ್ತವೆ. ತೊಡಕು ಇರುವುದು ‘ಬೆಳವಣಿಗೆ’ಯಲ್ಲಿ. ಅದನ್ನು ಬಿಟ್ಟರೆ ಡಾಕ್ಟರ ಚೀಟಿಗೂ ನಮ್ಮ ಕಾಗದಕ್ಕೂ ತಾಳೆಯಾಗುವುದಿಲ್ಲ. ದೊಡ್ಡವರಿಗೆ ಹೇಳುವಾಗ ನೀವು ಯಾವ ಪದ ಬಳಸುತ್ತೀರಿ? ಕಲಬುರಗಿ ಕಡೆಯವರು ಯಾರಾದರೂ ಇದ್ದರೆ ‘ಕೊರತೆ ತುಂಬುವ’ ಅನ್ನುವುದು ನಿಮ್ಮ ಮನೆಯ ಹಿರಿಯರ ಕಿವಿಗೆ ಹೇಗೆ ಕೇಳುತ್ತದೆ ಅಂತಲೂ ದಯವಿಟ್ಟು ಕೇಳಿ ತಿಳಿಸಿ.