ವರ್ಜೀನಿಯಾದಲ್ಲಿ ಮಂತ್ರ ಮಾಂಗಲ್ಯ: ಚಿಕ್ಕಪ್ಪ ಆನ್‌ಲೈನ್ ಮಿನಿಸ್ಟರ್ ಆದರೆ ನಡೆಯುತ್ತಾ?

ಫೇರ್‌ಫ್ಯಾಕ್ಸ್ ಹುಡುಗಿ: ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್‌ನಲ್ಲಿ ನಮ್ಮ ಮದುವೆ. ಕುವೆಂಪು ಹಾಕಿಕೊಟ್ಟ ಮಂತ್ರ ಮಾಂಗಲ್ಯದ ಕ್ರಮ, ಪುರೋಹಿತರಿಲ್ಲ. ಪ್ರತಿಜ್ಞೆ ಹೇಳಿಸುವವರು ನ್ಯೂಜೆರ್ಸಿಯ ಚಿಕ್ಕಪ್ಪ. ಮದುವೆ ಲೈಸೆನ್ಸಿಗೆ ಅಧಿಕಾರ ಇರುವವರೇ ಸಹಿ ಹಾಕಬೇಕಂತೆ, ಅದಕ್ಕೆ ಅವರನ್ನು ಆನ್‌ಲೈನಿನಲ್ಲಿ ಮಿನಿಸ್ಟರ್, ಅಂದರೆ ಚರ್ಚಿನ ಪಾದ್ರಿ, ಮಾಡಿಸೋಣ ಅಂತಿದ್ದೀವಿ. ಯುನಿವರ್ಸಲ್ ಲೈಫ್ ಚರ್ಚ್ ಅಂತಲೇ ಎರಡು ಸಿಗುತ್ತಿವೆ, ಜೊತೆಗೆ ಅಮೆರಿಕನ್ ಮ್ಯಾರೇಜ್ ಮಿನಿಸ್ಟ್ರೀಸ್. ಯಾವುದು ಅಸಲಿ? ಗೊತ್ತಿದ್ದವರು ಹೇಳಿ.

ಮೊಡೆಸ್ಟೊ ಮಾಮ: ಅಸಲಿ ಅಂದರೆ ಮೊಡೆಸ್ಟೊ, ಅದರಲ್ಲಿ ಎರಡು ಮಾತಿಲ್ಲ. ಕರ್ಬಿ ಹೆನ್ಸ್ಲಿ 1962ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿ ನೋಂದಾಯಿಸಿದ ಚರ್ಚ್ ಅದು. ಕೇಳಿದವರಿಗೆಲ್ಲ ಅಂಚೆಯಲ್ಲಿ ಮಿನಿಸ್ಟರ್ ಪಟ್ಟ ಕಳಿಸುತ್ತಿದ್ದ ಪುಣ್ಯಾತ್ಮ. ನಿಮಗೆ ಸಿಕ್ಕ ಇನ್ನೊಂದು, ಸಿಯಾಟಲ್‌ನ ಯುನಿವರ್ಸಲ್ ಲೈಫ್ ಚರ್ಚ್ ಮೊನಾಸ್ಟರಿ, ಅದರಿಂದ 2006ರ ಹೊತ್ತಿಗೆ ಮುರಿದುಕೊಂಡು ಹೋದ ಗುಂಪು. ಅಮೆರಿಕನ್ ಮ್ಯಾರೇಜ್ ಮಿನಿಸ್ಟ್ರೀಸ್ ಕೂಡ ಸಿಯಾಟಲ್‌ನದೇ, 2009ರದು. ಸಿಯಾಟಲ್‌ನ ಈ ಎರಡೂ 2019ರಿಂದ ಅಲ್ಲಿನ ಫೆಡರಲ್ ಕೋರ್ಟಿನಲ್ಲಿ ಕಿತ್ತಾಡಿದವು.

ಯಾರ ಹತ್ತಿರ ತೆಗೆದುಕೊಂಡರೂ ಒಂದು ನೋಡಿಕೊಳ್ಳಿ. ಸರ್ಟಿಫಿಕೇಟ್, ಲೆಟರ್ ಆಫ್ ಗುಡ್ ಸ್ಟ್ಯಾಂಡಿಂಗ್ (ಇವರು ನಮ್ಮ ಮಿನಿಸ್ಟರೇ ಅಂತ ಚರ್ಚ್ ಕೊಡುವ ಪತ್ರ), ಡ್ರೈವಿಂಗ್ ಲೈಸೆನ್ಸ್, ಮೂರರಲ್ಲೂ ಹೆಸರು ಅಕ್ಷರಕ್ಕಕ್ಷರ ಒಂದೇ ಇರಬೇಕು. ನಮ್ಮವರು ಎಡವುವುದು ಇಲ್ಲೇ: ಆನ್‌ಲೈನ್ ಫಾರ್ಮಿನಲ್ಲಿ ರೂಢಿಯಂತೆ ಎರಡು ಇನಿಶಿಯಲ್ ಹೊಡೆದಿರುತ್ತಾರೆ, ಡ್ರೈವಿಂಗ್ ಲೈಸೆನ್ಸಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್ ಆಗಿ ಕೂತಿರುತ್ತದೆ. ಕೌಂಟರಿನಿಂದ ಸೀದಾ ವಾಪಸ್.

ಸಿಯಾಟಲ್ ಸೀನ: ವಂಶಾವಳಿ ಯಾರು ಕೇಳಿದರು ಮಾಮ? ಆನ್‌ಲೈನಿನಲ್ಲಿ ಪಟ್ಟ ಪಡೆದವರು ಮದುವೆ ಮಾಡಿಸುವಂತಿಲ್ಲ ಅಂತ ಟೆನೆಸಿ ಕಾನೂನು ತಂದಿತು, 2019ರ ಜುಲೈ 1ರಿಂದ ಜಾರಿ. ಅದರ ಮೇಲೆ ದಾವೆ ಹೂಡಿದ್ದು ಸಿಯಾಟಲ್. 2022ರಲ್ಲಿ ಆರನೇ ಸರ್ಕ್ಯೂಟಿನ ಫೆಡರಲ್ ಮೇಲ್ಮನವಿ ಕೋರ್ಟ್ ದಾವೆಯ ಕೆಲವು ಭಾಗ ಕತ್ತರಿಸಿದರೂ ಪೂರ್ತಿ ವಜಾ ಮಾಡಲಿಲ್ಲ. ಆಗ ನಿಮ್ಮ ಮೊಡೆಸ್ಟೊ ಎಲ್ಲಿತ್ತು?

ಮೊಡೆಸ್ಟೊ ಮಾಮ: ಯೂಟಾದ 2001ರ ನಿಷೇಧವನ್ನು 2002ರಲ್ಲೇ ಹೊಡೆದು ಹಾಕಿಸಿ ಮನೆಯಲ್ಲಿತ್ತು. ಆಗ ನಿಮ್ಮ ಮೊನಾಸ್ಟರಿ ಬೇರೆ ಆಗಿಯೇ ಇರಲಿಲ್ಲ.

ರಿಚ್ಮಂಡ್ ರಾಯರು: ಇಬ್ಬರೂ ಸುಮ್ಮನಿರಿ. ಆ ಹುಡುಗಿ ಕೇಳಿದ್ದು ವರ್ಜೀನಿಯಾ ವಿಷಯ. ಅಮೆರಿಕದಲ್ಲಿ ಮದುವೆ ರಾಜ್ಯದ ಕಾನೂನು, ಚರ್ಚ್ ಯಾವುದಾದರೇನು.

ಇಲ್ಲಿ ಸೆಕ್ಷನ್ 20-23 ಪ್ರಕಾರ ಮಿನಿಸ್ಟರ್ ಮೊದಲು ಸರ್ಕ್ಯೂಟ್ ಕೋರ್ಟ್ (ಇಲ್ಲಿ ಕೌಂಟಿ ಮಟ್ಟದ ಕೋರ್ಟ್) ಕ್ಲರ್ಕ್ ಮುಂದೆ ದಾಖಲೆ ಇಟ್ಟು ಆದೇಶ ಪಡೆಯಬೇಕು. ಪಟ್ಟದ ಕಾಗದ ಒಂದೇ ಸಾಲದು, ಆ ಧಾರ್ಮಿಕ ಸಂಘದ ಜೊತೆ ನಿಯಮಿತ ಒಡನಾಟ ಇದೆ ಅಂತಲೂ ತೋರಿಸಬೇಕು. ಆನ್‌ಲೈನ್ ಪಟ್ಟದವರು ಸಿಕ್ಕಿಬೀಳುವುದು ಈ ಎರಡನೆಯದರಲ್ಲಿ. 1974ರಲ್ಲೇ ಕ್ರೇಮರ್ ಮೊಕದ್ದಮೆಯಲ್ಲಿ ಯುನಿವರ್ಸಲ್ ಲೈಫ್ ಚರ್ಚ್ ಮಿನಿಸ್ಟರುಗಳಿಗೆ ಕೊಟ್ಟಿದ್ದ ಅನುಮತಿ ರದ್ದಾಗಿದ್ದನ್ನು ವರ್ಜೀನಿಯಾ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಕಾನೂನಿನಲ್ಲಿ ಇರುವ ಮಾತು ಅನುಮತಿ "ಕೊಡಬಹುದು" ಅಂತ, ಹಾಗಾಗಿ ಒಬ್ಬ ಕ್ಲರ್ಕ್ ಕೊಟ್ಟರೆ ಇನ್ನೊಬ್ಬ ಕೊಡಲ್ಲ.

ಸಲೀಸಾದ ದಾರಿ ಸೆಕ್ಷನ್ 20-25. ಚಿಕ್ಕಪ್ಪ ಯಾವ ಚರ್ಚಿಗೂ ಸೇರಬೇಕಿಲ್ಲ, ಹೊರರಾಜ್ಯದವರಿಗೂ ಕೊಡುತ್ತಾರಾ ಅಂತ ಮಾತ್ರ ಕೋರ್ಟಿಗೆ ಮೊದಲೇ ಕೇಳಿಕೊಳ್ಳಿ. ಒಂದು ಮದುವೆಯ ಮಟ್ಟಿಗೆ ಅಧಿಕಾರ ಕೊಡಿ ಅಂತ ಸರ್ಕ್ಯೂಟ್ ಕೋರ್ಟಿಗೆ ಅರ್ಜಿ, ಜೊತೆಗೆ 500 ಡಾಲರಿನ ಬಾಂಡ್. ಬಾಂಡ್ ಅಂದರೆ ಬರೆದುಕೊಡುವ ಮುಚ್ಚಳಿಕೆ. ಜಾಮೀನುದಾರ ಬೇಕೋ ಬೇಡವೋ ಕೋರ್ಟೇ ಹೇಳುತ್ತೆ. ಜಡ್ಜ್ ಸಹಿ ಆಗಬೇಕಾದ್ದರಿಂದ ಆಗಸ್ಟಿನಲ್ಲೇ ಅರ್ಜಿ ಹಾಕಿ.

ಇನ್ನು ಮ್ಯಾರೇಜ್ ಲೈಸೆನ್ಸ್. 30 ಡಾಲರ್, ಕಾಯುವ ಅವಧಿ ಇಲ್ಲ, 60 ದಿನ ಊರ್ಜಿತ. ಆಗಸ್ಟಿನಲ್ಲೇ ಅವಸರಪಟ್ಟು ತೆಗೆದರೆ ಮುಹೂರ್ತದ ಹೊತ್ತಿಗೆ ಸತ್ತಿರಬಹುದು.

ಕ್ವೀನ್ಸ್ ಕಾವೇರಿ: ನ್ಯೂಯಾರ್ಕ್ ನೋಡಿದವರಿಗೆ ವರ್ಜೀನಿಯಾ ಸ್ವರ್ಗ. ನಗರದಲ್ಲಿ ಸಿಟಿ ಕ್ಲರ್ಕ್ 15 ಡಾಲರ್ ತೆಗೆದುಕೊಂಡು ಆನ್‌ಲೈನ್ ಮಿನಿಸ್ಟರನ್ನು ನೋಂದಾಯಿಸಿಕೊಳ್ಳುತ್ತಾರೆ. ರಿಜಿಸ್ಟರಿನಲ್ಲಿ ಹೆಸರು ಬಂತು, ಇನ್ನೇನು ಭಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನೋಂದಣಿ ಬೇರೆ, ಊರ್ಜಿತ ಬೇರೆ. 1989ರ ರಾನಿಯೇರಿ ತೀರ್ಪಿನಲ್ಲಿ ಎರಡನೇ ವಿಭಾಗದ ಮೇಲ್ಮನವಿ ಕೋರ್ಟ್ ಇಂಥ ಮದುವೆಯನ್ನೇ ಅನೂರ್ಜಿತ ಅಂದಿದೆ. ಕ್ವೀನ್ಸ್, ಬ್ರೂಕ್ಲಿನ್ ಬರುವುದು ಅದೇ ವಿಭಾಗಕ್ಕೆ. 2013ರಲ್ಲಿ ಮೂರನೇ ವಿಭಾಗ, ಇದು ವಿಚಾರಣೆಯಲ್ಲಿ ತೀರ್ಮಾನ ಆಗಬೇಕು ಅಂತ ಬಿಟ್ಟಿತು. ಒಂದೇ ರಾಜ್ಯ, ಎರಡು ನ್ಯಾಯ! ಈ ಪ್ರಶ್ನೆ ಏಳುವುದು ಮದುವೆ ದಿನ ಅಲ್ಲ, ಡಿವೋರ್ಸ್ ದಿನ. ಜೀವನಾಂಶ ಕೊಡಬೇಕಾದವನಿಗೆ "ಮದುವೆಯೇ ಆಗಿಲ್ಲ" ಅನ್ನುವುದಕ್ಕಿಂತ ಅಗ್ಗದ ವಾದ ಯಾವುದಿದೆ?

2023ರ ಮಾರ್ಚ್ 28ರಿಂದ ನ್ಯೂಯಾರ್ಕಿನಲ್ಲಿ ಮದುವೆ ಮಾಡಿಸಲು ಒಂದು ದಿನದ ಅಧಿಕಾರಿ ಲೈಸೆನ್ಸ್ ಬಂದಿದೆ, 25 ಡಾಲರ್, 18 ವರ್ಷ ಆದ ಯಾರಾದರೂ ಆಗಬಹುದು. ಇಷ್ಟಾದ ಮೇಲೂ ನ್ಯೂಯಾರ್ಕಿನಲ್ಲಿ ಚರ್ಚ್ ಪಟ್ಟಕ್ಕೆ ಹೋಗುವವರಿಗೆ ಏನು ಹೇಳೋಣ.

ಸಿಯಾಟಲ್ ಸೀನ: ಹೆದರಿಸಬೇಡಿ ಮೇಡಂ. ವರ್ಜೀನಿಯಾದಲ್ಲಿ ಸೆಕ್ಷನ್ 20-31 ಇದೆ. ಮದುವೆ ಮಾಡಿಸಿದವರಿಗೆ ಅಧಿಕಾರ ಇಲ್ಲದಿದ್ದರೂ, ಕಾನೂನುಬದ್ಧವಾಗಿಯೇ ಆಗಿದೆ ಅಂತ ಪೂರ್ಣವಾಗಿ ನಂಬಿ ಸಂಸಾರ ಶುರು ಮಾಡಿದ್ದರೆ ಮದುವೆ ರದ್ದಾಗಲ್ಲ.

ಕ್ವೀನ್ಸ್ ಕಾವೇರಿ: ಪೂರ್ಣವಾಗಿ ನಂಬಿ! ಇಲ್ಲಿ ಇಷ್ಟೆಲ್ಲ ಓದಿದ ಮೇಲೆ ಆಕೆಗೆ ಯಾವ ಪೂರ್ಣ ನಂಬಿಕೆ ಉಳಿಯುತ್ತೆ?

ರಿಚ್ಮಂಡ್ ರಾಯರು: ಇಬ್ಬರಲ್ಲಿ ಒಬ್ಬರಿಗೆ ಇದ್ದರೂ ಸಾಕು ಅಂತಿದೆ. ಗಂಡಿಗೆ ಈ ಪುಟ ತೋರಿಸಬೇಡಮ್ಮ.

ತಮಾಷೆ ಸಾಕು. ಆ ಸೆಕ್ಷನ್ ಕಾಯುವುದು ಗಂಡು ಹೆಣ್ಣನ್ನು, ಚಿಕ್ಕಪ್ಪನನ್ನಲ್ಲ. ಅಧಿಕಾರ ಇಲ್ಲವೆಂದು ತಿಳಿದೂ ಮದುವೆ ಮಾಡಿಸಿದರೆ 20-28ರಲ್ಲಿ ಒಂದು ವರ್ಷದವರೆಗೆ ಜೈಲು, 500 ಡಾಲರಿನವರೆಗೆ ದಂಡ. ಪಕ್ಕದ ನಾರ್ತ್ ಕ್ಯಾರೊಲಿನಾದಲ್ಲಿ 1980ರ ಲಿಂಚ್ ತೀರ್ಪು ನೋಡಿ. ದ್ವಿಪತ್ನಿತ್ವದ ಕೇಸು. ಮೊದಲ ಮದುವೆ ಮಾಡಿಸಿದವನು ಅಂಚೆಯಲ್ಲಿ 10 ಡಾಲರಿಗೆ ಯುನಿವರ್ಸಲ್ ಲೈಫ್ ಚರ್ಚಿನ ಸರ್ಟಿಫಿಕೇಟ್ ಕೊಂಡಿದ್ದ. ಹಾಗಾಗಿ ಆ ಮದುವೆಯೇ ಮದುವೆಯಲ್ಲ, ಎರಡನೆಯದು ದ್ವಿಪತ್ನಿತ್ವವಲ್ಲ, ಆರೋಪಿ ಖುಲಾಸೆ! ಆಮೇಲೆ ಶಾಸನಸಭೆ ಗಾಬರಿಬಿದ್ದು, 1981ರ ಜುಲೈ 3ಕ್ಕಿಂತ ಮೊದಲು ಆ ಚರ್ಚಿನವರು ಮಾಡಿಸಿದ ಮದುವೆಗಳನ್ನು ಊರ್ಜಿತ ಮಾಡಿತು. ಅನಂತರದ್ದಕ್ಕೆ ಆ ರಕ್ಷಣೆ ಇಲ್ಲ.

ಧಾರವಾಡ ಪೇಡೆ, ಪಿಟ್ಸ್‌ಬರ್ಗ್: ಇಷ್ಟ್ಯಾಕ ಜಗ್ಗಾಡ್ತೀರಿ? ಪೆನ್ಸಿಲ್ವೇನಿಯಾದಾಗ ಸೆಲ್ಫ್-ಯುನೈಟಿಂಗ್ ಲೈಸೆನ್ಸ್ ಅಂತ ಐತಿ. ಕ್ವೇಕರ್ ಅನ್ನೋ ಕ್ರೈಸ್ತ ಪಂಥದ ಮಂದಿ ಪದ್ಧತಿ. ಮದುವಿ ಮಾಡ್ಸಾವ್ರು ಬ್ಯಾಡ, ಇಬ್ಬರು ಸಾಕ್ಷಿ ಸಹಿ ಹಾಕಿದ್ರ ಮುಗೀತು. ಮೂರು ದಿನ ಕಾಯಬೇಕು, 60 ದಿನ ನಡೀತದ. ಮಂತ್ರ ಮಾಂಗಲ್ಯಕ್ಕ ಇದರಷ್ಟ ಹೊಂದೂದು ಬ್ಯಾರೆ ಇಲ್ಲ. ಇಲ್ಲೂ ಆನ್‌ಲೈನ್ ಪಟ್ಟದ ಗೊಂದಲ ಇದ್ದದ್ದ: 2007ರಾಗ ಯಾರ್ಕ್ ಕೌಂಟಿ ಕೋರ್ಟ್ ನಡ್ಯೂದಿಲ್ಲ ಅಂತು, 2008ರಾಗ ಬಕ್ಸ್ ಕೌಂಟಿ ನಡೀತದ ಅಂತು. ಫೇರ್‌ಫ್ಯಾಕ್ಸ್‌ನಾವ್ರಿಗೆ ಅಷ್ಟು ದೂರ ಆಗ್ತಿದ್ರ ಹೊಳಿ ದಾಟಿ ವಾಷಿಂಗ್ಟನ್ ಡಿಸಿಗೆ ಹೋಗ್ರಿ, ಅಲ್ಲಿ ಗಂಡು ಹೆಣ್ಣು ತಮ್ಮ ಮದುವಿ ತಾವ ಮಾಡ್ಕೋಬಹುದು. ಆದ್ರ ಡಿಸಿ ಲೈಸೆನ್ಸಿನ ಮದುವಿ ಡಿಸಿ ಒಳಗ ಆಗಬೇಕು, ಫೇರ್‌ಫ್ಯಾಕ್ಸ್ ಹಾಲ್‌ನಾಗ ಅಲ್ಲ.

ತುಮಕೂರು ತಾತ: ಈ ಕಾಗದಕ್ಕೆ ಯಾರಾದರೂ "ದೀಕ್ಷೆ" ಅಂದೀರಿ, ಜೋಕೆ. ಇಷ್ಟಲಿಂಗ ಕಟ್ಟಿಸಿಕೊಳ್ಳುವುದು ದೀಕ್ಷೆ, ಇಮೇಲ್ ಐಡಿ ಕೊಟ್ಟು ಬಟನ್ ಒತ್ತುವುದಲ್ಲ. ಅಷ್ಟು ಕಷ್ಟ ಯಾಕೆ, ಊರಿಗೆ ಬಂದು ಮಂತ್ರ ಮಾಂಗಲ್ಯ ಮಾಡಿಕೊಂಡು ಸಬ್‌ರಿಜಿಸ್ಟ್ರಾರ್ ಹತ್ತಿರ ನೋಂದಾಯಿಸಿ.

ಮೊಡೆಸ್ಟೊ ಮಾಮ: ಯಾರೂ ದೀಕ್ಷೆ ಅಂದಿಲ್ಲ, ಪಟ್ಟ ಅಂದಿದ್ದೀವಿ. ಓದದೆ ಬಂದು ಬೈಯಬೇಡಿ.

ತುಮಕೂರು ತಾತ: ಪಟ್ಟವೂ ಮಠದ್ದೇ ಶಬ್ದ.

ಕ್ವೀನ್ಸ್ ಕಾವೇರಿ: ಶಬ್ದಕೋಶ ಆಮೇಲೆ. ಸಬ್‌ರಿಜಿಸ್ಟ್ರಾರ್ ಸಲಹೆಯಲ್ಲಿ ಒಂದು ಗುಂಡಿ ಇದೆ. ಊರಲ್ಲಿ ನೋಂದಣಿ ಆದವರು ಇಲ್ಲಿಗೆ ಬಂದು "ಮದುವೆ ಆಗಿಲ್ಲ" ಅಂತ ಪ್ರಮಾಣ ಮಾಡಿ ಇನ್ನೊಂದು ಲೈಸೆನ್ಸ್ ತೆಗೆಯುತ್ತಾರೆ. ಎರಡು ದಿನಾಂಕದ ಎರಡು ಸರ್ಟಿಫಿಕೇಟ್ ಗ್ರೀನ್ ಕಾರ್ಡ್ ಫೈಲಿನಲ್ಲಿ ಕೂತರೆ ವಿವರಣೆ ಕೊಟ್ಟೇ ಸುಸ್ತು. ಒಂದೇ ಕಡೆ ಮಾಡಿ.

ರಿಚ್ಮಂಡ್ ರಾಯರು: ಇಲ್ಲೇ ಮಾಡುವುದಾದರೆ ಲೈಸೆನ್ಸ್ ತುಂಬುವಾಗ ಕಪ್ಪು ಶಾಯಿ. ವೈಟ್ನರ್ ಮುಟ್ಟಬೇಡಿ, ತಪ್ಪಿದರೆ ಕ್ಲರ್ಕ್‌ಗೆ ಫೋನ್ ಮಾಡಿ ಕೇಳಿ. ಚಿಕ್ಕಪ್ಪ ಬರೆಯಬೇಕಾದ ದಿನಾಂಕ ಪ್ರತಿಜ್ಞೆ ಆದ ದಿನದ್ದು, ರಿಸೆಪ್ಷನ್ನಿನದ್ದಲ್ಲ. ಮದುವೆಯಾದ ಐದು ದಿನದೊಳಗೆ, ಲೈಸೆನ್ಸ್ ಕೊಟ್ಟ ಕ್ಲರ್ಕ್‌ಗೇ ಅವರು ಅದನ್ನು ವಾಪಸ್ ಮುಟ್ಟಿಸಬೇಕು. ಊಟದ ಗಲಾಟೆಯಲ್ಲಿ ಆ ಕವರ್ ಚಿಕ್ಕಪ್ಪನ ಸೂಟ್‌ಕೇಸಿಗೆ ಸೇರಿ ನ್ಯೂಜೆರ್ಸಿಗೆ ಹೋಗದಂತೆ ನೋಡಿಕೊಳ್ಳಿ. ಆಮೇಲೆ ಪ್ರಮಾಣೀಕೃತ ಪ್ರತಿ ಮೂರಾದರೂ ತೆಗೆಸಿ, ಒಂದಕ್ಕೆ ರಾಜ್ಯದ ಅಪೊಸ್ಟಿಲ್ (ಹೊರದೇಶದಲ್ಲೂ ಒಪ್ಪುವ ದೃಢೀಕರಣ) ಹಾಕಿಸಿಡಿ. ಭಾರತ 2005ರಿಂದ ಅಪೊಸ್ಟಿಲ್ ಒಪ್ಪುವ ದೇಶಗಳ ಒಪ್ಪಂದದಲ್ಲಿದೆ.

ಫೇರ್‌ಫ್ಯಾಕ್ಸ್ ಹುಡುಗಿ: ಎಲ್ಲರಿಗೂ ಥ್ಯಾಂಕ್ಸ್. ರಾಯರು ಹೇಳಿದ 20-25 ಅರ್ಜಿಗೆ ನಾಳೆಯೇ ಕೋರ್ಟಿಗೆ ಫೋನ್ ಮಾಡ್ತೀನಿ. ಆದರೆ ಚಿಕ್ಕಪ್ಪ ನಿನ್ನೆ ರಾತ್ರಿಯೇ ಮೊಡೆಸ್ಟೊ, ಸಿಯಾಟಲ್ ಎರಡರಲ್ಲೂ ಮಿನಿಸ್ಟರ್ ಆಗಿ ಕೂತಿದ್ದಾರೆ. ಕಾರಿಗೆ ಅಂಟಿಸುವ ಸ್ಟಿಕರ್ ಕೂಡ ಆರ್ಡರ್ ಮಾಡಿದ್ದಾರಂತೆ.

ರಿಚ್ಮಂಡ್ ರಾಯರು: ಸ್ಟಿಕರ್ ಇರಲಿ. ಅರ್ಜಿ ಹಾಕುವ ದಿನ ಎರಡು ಸರ್ಟಿಫಿಕೇಟೂ ಮನೆಯಲ್ಲೇ ಬಿಟ್ಟು ಬರಲಿ.