ಸಹಾಯ ಬೇಕು: ಮಗುವಿನ ಹಾರ್ಟ್ ಸಿಟಿ ಸ್ಕ್ಯಾನ್, ಡೋಸ್ ಬಗ್ಗೆ ಏನು ಕೇಳಬೇಕು?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗಳಿಗೆ ಈಗ ಎಂಟು ತಿಂಗಳು. ಹುಟ್ಟಿನಿಂದಲೇ ಹೃದಯದ ತೊಂದರೆ, ಟೆಟ್ರಾಲಜಿ ಆಫ್ ಫ್ಯಾಲೋ ಅಂದಿದ್ದಾರೆ. ಜೋರಾಗಿ ಅತ್ತರೆ ತುಟಿ, ಉಗುರು ನೀಲಿಯಾಗುತ್ತವೆ, ನೋಡೋಕೆ ಆಗಲ್ಲ. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಹೃದಯದ ತೂತು ಚೆನ್ನಾಗಿ ಕಂಡಿದೆ. ಆದರೆ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದ ಕವಲುಗಳು ಸರಿಯಾಗಿ ಕಾಣುತ್ತಿಲ್ಲವಂತೆ. ಅದಕ್ಕೇ ಆಪರೇಷನ್‌ಗೆ ಮುಂಚೆ ಸಿಟಿ ಆಂಜಿಯೋ (ರಕ್ತನಾಳಗಳನ್ನು ತೋರಿಸುವ ಸಿಟಿ ಸ್ಕ್ಯಾನ್) ಮಾಡಿಸಿ ಅಂದರು.

ಎಂಆರ್‌ಐ ಆಗಲ್ವಾ ಅಂತ ಕೇಳಿದೆವು. ಅದರಲ್ಲಿ ರೇಡಿಯೇಷನ್ ಇಲ್ಲ ನಿಜ, ಆದರೆ ತುಂಬಾ ಹೊತ್ತು ಅಲುಗಾಡದೆ ಮಲಗಬೇಕು, ಇಷ್ಟು ಚಿಕ್ಕ ಮಗುವಿಗೆ ಅನಸ್ತೇಶಿಯಾ ಕೊಡಬೇಕಾಗುತ್ತೆ ಅಂದರು. ಸಿಟಿ ಕೆಲವೇ ಸೆಕೆಂಡಿನ ಕೆಲಸ. ಆ ಮಾತು ನನಗೂ ಸರಿ ಅನ್ನಿಸಿತು.

ಗೊಂದಲ ಇರೋದು ಸಿಟಿಯ ರೇಡಿಯೇಷನ್ ಡೋಸ್ ಬಗ್ಗೆ. ಮಕ್ಕಳಿಗೆ ಟ್ಯೂಬ್ ವೋಲ್ಟೇಜ್ (ಎಕ್ಸ್‌ರೇ ಎಷ್ಟು ಜೋರಾಗಿರಬೇಕು ಅನ್ನೋ ಸೆಟ್ಟಿಂಗ್) ಅನ್ನು 120 ಕೆವಿ (ಕಿಲೋವೋಲ್ಟ್) ಬದಲು 80ಕ್ಕೋ 70ಕ್ಕೋ ಇಳಿಸಿ, ಎದೆಬಡಿತದ ಒಂದು ಹಂತದಲ್ಲಿ ಮಾತ್ರ ಎಕ್ಸ್‌ರೇ ಬಿಟ್ಟರೆ, ಹೊಸ ಮೆಷಿನ್‌ಗಳಲ್ಲಿ 1 ಮಿಲಿಸೀವರ್ಟ್‌ಗಿಂತ ಕಡಿಮೆ ಡೋಸ್‌ನಲ್ಲೂ (ಮಿಲಿಸೀವರ್ಟ್ ಅಂದರೆ ರೇಡಿಯೇಷನ್ ಡೋಸ್ ಅಳೆಯುವ ಮಾನ) ಮುಗಿಸಬಹುದು ಅಂತ ಓದಿದ್ದೇನೆ. ನಮ್ಮೂರಿನ ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಇದನ್ನೇ ಕೇಳಿದರೆ "ಮೆಷಿನ್ನೇ ಅಡ್ಜಸ್ಟ್ ಮಾಡ್ಕೊಳ್ಳುತ್ತೆ" ಅಂದು ಸುಮ್ಮನಾದರು. ಬೇಕಾದರೆ ಬೆಂಗಳೂರಿಗೆ ಹೋಗಲೂ ಸಿದ್ಧ.

ರೇಡಿಯಾಲಜಿ ಗೊತ್ತಿರುವವರು, ಮಕ್ಕಳಿಗೆ ಈ ಸ್ಕ್ಯಾನ್ ಮಾಡಿಸಿದವರು ದಯವಿಟ್ಟು ತಿಳಿಸಿ. ಮಕ್ಕಳ ಲೋ ಡೋಸ್ ಸೆಟ್ಟಿಂಗ್ ನಿಜವಾಗಿ ಬಳಸುತ್ತಾರಾ ಅಂತ ತಿಳಿಯಲು ಸೆಂಟರ್‌ನವರನ್ನು ಏನೇನು ಕೇಳಬೇಕು? ಅವರ ಉತ್ತರ ಹೇಗಿದ್ದರೆ ಇಲ್ಲೇ ಮಾಡಿಸಬಹುದು, ಹೇಗಿದ್ದರೆ ಬೆಂಗಳೂರಿಗೇ ಹೋಗಬೇಕು?